ಕಟ್ಟಡ ಹಿಗ್ಗಿದರೆ ರಂಗಭೂಮಿ ಹಿಗ್ಗುತ್ತದೆಯೇ?

ಸಣ್ಣ ಊರುಗಳ ರಂಗಕೇಂದ್ರಗಳ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ಕೇಳಿಬರುತ್ತದೆ. ಒಂದು ಹೊಗಳಿಕೆ: 'ಅಂಥ ಹಳ್ಳಿಯಲ್ಲಿ ಇಂಥದ್ದೊಂದು ನಡೀತಿದೆಯಲ್ಲ!' ಇನ್ನೊಂದು ಮರುಕ: 'ಪಾಪ, ಹೇಗಾದರೂ ಅದನ್ನು ಉಳಿಸಬೇಕು.' ಎರಡರಲ್ಲೂ ವಿಮರ್ಶೆ ಇಲ್ಲ. ನಾಟಕವನ್ನು ನೋಡಿ ಬಂದು ಬೆಳಕು, ಅಭಿನಯ, ಪಠ್ಯ ಎಂದು ಬಿಡಿಸಿ ಮಾತಾಡುವ ನಾವು, ನಾಟಕ ಹುಟ್ಟುವ ಜಾಗ ಹೇಗೆ ನಡೆಯುತ್ತದೆ, ತಿಂಗಳ ಕೊನೆಗೆ ಅಲ್ಲಿ ಯಾರಿಗೆ ಯಾರು ಸಂಬಳ ಕೊಡುತ್ತಾರೆ ಎಂಬುದನ್ನು ವಿಮರ್ಶೆಗೆ ತಕ್ಕ ವಿಷಯವೆಂದು ಎಣಿಸುವುದೇ ಇಲ್ಲ.

ಈ ಯೋಚನೆ ಹತ್ತಿದ್ದಕ್ಕೆ ಕಾರಣ ಒಂದು ಯೋಜನಾಪತ್ರ. ನಮ್ಮೂರ ಕಡೆಯ ಹವ್ಯಾಸಿ ನಾಟಕ ತಂಡವೊಂದು ತನ್ನ ಹಳೆಯ ಸಭಾಂಗಣವನ್ನು 'ಸುಸಜ್ಜಿತ ಕಲಾಕೇಂದ್ರ'ವಾಗಿಸಲು ಹೊರಟಿದೆ. ಊರು ಬಿಟ್ಟವರ ವಾಟ್ಸ್ಯಾಪ್ ಗುಂಪಿಗೆ ನಕ್ಷೆ ಬಂತು, ಜತೆಗೆ ದೇಣಿಗೆಯ ವಿವರ. ಹವಾನಿಯಂತ್ರಣ, ಮೆತ್ತನೆಯ ಆಸನ, ವಾಹನ ನಿಲುಗಡೆ, ಊಟದ ಹಾಲ್ ಎಲ್ಲವೂ ಇವೆ. ಅಲ್ಲಿ ಯಾರು ನಾಟಕ ಆಡುತ್ತಾರೆ, ವರ್ಷಕ್ಕೆ ಎಷ್ಟು ದಿನ ಆಡುತ್ತಾರೆ, ಆಡುವವರ ಹೊಟ್ಟೆಪಾಡೇನು ಎಂಬುದಕ್ಕೆ ಒಂದು ಸಾಲೂ ಇಲ್ಲ. ನಾನಿರುವುದು ತಿರುವನಂತಪುರದ ತಂಪಾನೂರಿನಲ್ಲಿ. ಒಂದು ಕಡೆ ರೈಲು ನಿಲ್ದಾಣ, ಎದುರಿಗೆ ಬಸ್ ನಿಲ್ದಾಣ, ನಡುವೆ ಲಾರಿ ಬೇಕರ್ ಕಟ್ಟಿದ ಸುರುಳಿಯಾಕಾರದ ಇಂಡಿಯನ್ ಕಾಫಿ ಹೌಸ್. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಈ ಯೋಜನಾಪತ್ರಕ್ಕೆ ಒಂದು ಉತ್ತರ ಇದೆ ಎಂದು ನನಗೆ ಅನ್ನಿಸುತ್ತದೆ.

ಅದು ಕೋಟೆ ಭಾಗದ 'ಮಾರ್ಗಿ'. ಕಥಕಳಿಗೂ ಕೂಡಿಯಾಟ್ಟಂಗೂ ಮುಡಿಪಾದ ಈ ಸಂಸ್ಥೆಯನ್ನು 1970ರ ದಶಕದಲ್ಲಿ ಕಟ್ಟಿ ಬೆಳೆಸಿದವರು ಡಿ. ಅಪ್ಪುಕುಟ್ಟನ್ ನಾಯರ್. ವೃತ್ತಿಯಿಂದ ಅವರು ಎಂಜಿನಿಯರ್. ಕೇರಳ ಕಲಾಮಂಡಲದ ಕೂತ್ತಂಬಲಂನ ವಿನ್ಯಾಸ ಅವರದೇ. ಭವ್ಯವಾದ ರಂಗಮಂದಿರ ಹೇಗಿರಬೇಕು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ತಮ್ಮದೇ ಸಂಸ್ಥೆಯಲ್ಲಿ ಅವರು ಹೆಚ್ಚು ಹಚ್ಚಿಕೊಂಡದ್ದು ಗುರುವನ್ನು ಕರೆಸುವುದು, ಶಿಷ್ಯರನ್ನು ಕೂರಿಸುವುದು, ಆಟ ತಪ್ಪದಂತೆ ನೋಡಿಕೊಳ್ಳುವುದು, ಇಷ್ಟನ್ನೇ. ಕೂಡಿಯಾಟ್ಟಂ ಎಂದರೆ ಒಂದು ಅಂಕವನ್ನೇ ಹಲವು ರಾತ್ರಿ ಆಡುವ ಕಲೆ. ಮಂತ್ರಾಂಕಕ್ಕಂತೂ ಸಂಪ್ರದಾಯದಲ್ಲಿ 41 ದಿನಗಳ ಲೆಕ್ಕ. ಇಂಥದ್ದಕ್ಕೆ ಸಾವಿರ ಆಸನದ ಸಭಾಂಗಣ ಬೇಡ. ಎಣ್ಣೆದೀಪದ ಎರಡು ಬತ್ತಿ ನಟನ ಕಡೆಗೆ, ಒಂದು ಬತ್ತಿ ಪ್ರೇಕ್ಷಕರ ಕಡೆಗೆ ಉರಿಯುತ್ತವೆ. ಕಣ್ಣಿನ ಚಲನೆಯೇ ಕಥೆಯಾದ ಆಟದಲ್ಲಿ ಹಿಂದಿನ ಸಾಲು ತೀರಾ ಹಿಂದಿದ್ದರೆ ಅಲ್ಲಿ ಕೂತವನಿಗೆ ಆಟವೇ ಇಲ್ಲ. ಕಲೆಯ ಅಳತೆ ಏನೆಂದು ತಿಳಿದ ಮೇಲೆಯೇ ಕಟ್ಟಡದ ಅಳತೆ ಎಂಬ ಪಾಠ ಇಲ್ಲಿದೆ.

ಹಾಗಾದರೆ ಮಾರ್ಗಿ ಹಿಗ್ಗಲಿಲ್ಲವೇ? ಹಿಗ್ಗಿತು, ಇನ್ನೊಂದು ರೀತಿಯಲ್ಲಿ. ಅಲ್ಲಿನ ಕಲಾವಿದರ ಹೆಸರುಗಳನ್ನು ನೋಡಿ: ಮಾರ್ಗಿ ಸತಿ, ಮಾರ್ಗಿ ಮಧು, ಮಾರ್ಗಿ ಉಷಾ. ಮನೆತನದ ಹೆಸರು ಇರಬೇಕಾದ ಜಾಗದಲ್ಲಿ ಸಂಸ್ಥೆಯ ಹೆಸರು ಕೂತಿದೆ. ಅವರಲ್ಲಿ ಮಾರ್ಗಿ ಮಧು ಮುಂದೆ ಕೊಚ್ಚಿ ಕಡೆಯ ಮೂಳಿಕ್ಕುಳಂನಲ್ಲಿ 'ನೇಪಥ್ಯ' ಎಂಬ ತಮ್ಮದೇ ಕೇಂದ್ರ ಕಟ್ಟಿದರು. ಮಾರ್ಗಿ ತನ್ನ ಶಾಖೆ ತೆರೆಯಲಿಲ್ಲ, ಒಂದು ಕವಲು ಒಡೆಯಿತು. ಶಾಖೆಗೆ ಹಣ ಕೇಂದ್ರದಿಂದ ಹೋಗಬೇಕು. ಕವಲು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ.

ಇದರ ಎದುರಿಗೆ ಕಲಾಮಂಡಲವನ್ನೇ ಇಟ್ಟು ನೋಡೋಣ. 1930ರಲ್ಲಿ ವಳ್ಳತ್ತೋಳ್ ನಾರಾಯಣ ಮೇನೋನ್ ಮತ್ತು ಮಣಕ್ಕುಳಂ ಮುಕುಂದ ರಾಜ ಅದನ್ನು ಆರಂಭಿಸಿದಾಗ ಹಣಕ್ಕಾಗಿ ಲಾಟರಿ ನಡೆಸಿದ್ದರು. ಮಹಾಕವಿಯೊಬ್ಬರು ಟಿಕೆಟ್ ಮಾರಿಸಿ ಕಥಕಳಿ ಉಳಿಸಿದ ಕಥೆ ಅದು. ಮುಂದೆ ಅದು ಸರ್ಕಾರದ ಆಶ್ರಯಕ್ಕೆ ಬಂತು, ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಸ್ಥಾನಮಾನದಲ್ಲಿ ಇದಕ್ಕಿಂತ ದೊಡ್ಡ ಬೆಳವಣಿಗೆ ಬೇರೆ ಇರಲಾರದು. ಆದರೆ 2024ರ ಕೊನೆಗೆ, ಹಣವಿಲ್ಲವೆಂದು ಅಲ್ಲಿನ ನೂರಕ್ಕೂ ಹೆಚ್ಚು ತಾತ್ಕಾಲಿಕ ಶಿಕ್ಷಕರನ್ನೂ ನೌಕರರನ್ನೂ ಒಂದೇ ಆದೇಶದಲ್ಲಿ ಕೆಲಸದಿಂದ ತೆಗೆಯಲಾಯಿತು. ಗದ್ದಲವಾಗಿ ಸರ್ಕಾರ ಮಧ್ಯೆ ಬಂದ ಮೇಲೆ ಆದೇಶ ಹಿಂದಕ್ಕೆ ಹೋಯಿತು, ನಿಜ. ಆದರೂ ಪ್ರಶ್ನೆ ಉಳಿಯುತ್ತದೆ. ಕಟ್ಟಡ, ಪದವಿ, ಜಗದ್ವಿಖ್ಯಾತಿ ಎಲ್ಲ ಇದ್ದ ಕಡೆಯೂ ಮೊದಲು ಕೈಬಿಟ್ಟದ್ದು ಕಲಿಸುವವರ ಸಂಬಳ. ಸಭಾಂಗಣಕ್ಕೆ ದೇಣಿಗೆ ಕೊಟ್ಟವರ ಹೆಸರು ಕಲ್ಲಿನ ಮೇಲೆ ಬರುತ್ತದೆ, ಚೆಂಡೆ ಕಲಿಸುವ ಮೇಷ್ಟ್ರ ಮಾರ್ಚ್ ತಿಂಗಳ ಸಂಬಳ ಕೊಟ್ಟವರ ಹೆಸರು ಎಲ್ಲೂ ಬರುವುದಿಲ್ಲ.

ಇನ್ನು ನಮ್ಮ ಹೆಗ್ಗೋಡು. ನೀನಾಸಂ ಅನ್ನು ಪವಾಡವೆಂದು ಕರೆಯುವ ಅಭ್ಯಾಸ ಕನ್ನಡಿಗರಿಗೆ ಇದೆ. ಇದು ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ ಪವಾಡವನ್ನು ಯಾರೂ ಕಲಿಯಲಾಗುವುದಿಲ್ಲ, ಕೈಮುಗಿಯಬಹುದು ಅಷ್ಟೆ. ಇಸವಿಗಳನ್ನು ಸುಮ್ಮನೆ ಸಾಲಾಗಿ ಇಟ್ಟರೆ ಅಲ್ಲೊಂದು ಲೆಕ್ಕಾಚಾರ ಕಾಣುತ್ತದೆ. ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿದ್ದು 1949ರಲ್ಲಿ. ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ನಡುವೆ 23 ವರ್ಷ. ಅಂದರೆ ಒಂದು ತಲೆಮಾರು ನಾಟಕ ಆಡಿ, ನೋಡಿ ಪಳಗಿದ ಮೇಲೆ ಕಟ್ಟಡ ಬಂತು. ಮರುವರ್ಷ ಚಿತ್ರಸಮಾಜ. 1980ರಲ್ಲಿ ರಂಗಶಿಕ್ಷಣ ಕೇಂದ್ರ. 1983ರ ಸುಮಾರಿಗೆ ಫೋರ್ಡ್ ಫೌಂಡೇಶನ್ನಿನ ನೆರವಿನಲ್ಲಿ 'ಜನಸ್ಪಂದನ': ಕರ್ನಾಟಕದ ಹಲವು ಊರುಗಳಲ್ಲಿ ನಾಟಕ ಶಿಬಿರ, ಚಲನಚಿತ್ರ ರಸಗ್ರಹಣ ಶಿಬಿರ. 1985ರಲ್ಲಿ 'ತಿರುಗಾಟ'. ಮೊದಲು ನೋಡುವವರನ್ನು ಬೆಳೆಸಿ, ಆಮೇಲೆ ಅವರಿರುವ ಕಡೆಗೆ ನಾಟಕ ಕೊಂಡೊಯ್ದ ಕ್ರಮ ಇದು.

ತಿರುಗಾಟ ಎಂಬ ಮಾತೇ ಯಕ್ಷಗಾನ ಮೇಳದ್ದು. ಮಳೆ ನಿಂತ ಮೇಲೆ ಗೆಜ್ಜೆ ಕಟ್ಟಿ ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಕಟೀಲು ಮೇಳದ ಹರಕೆ ಆಟಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಅಲ್ಲಿ ಆಟವನ್ನು ಉಳಿಸಿರುವುದು ಒಂದು ದೊಡ್ಡ ದೇಣಿಗೆ ಅಲ್ಲ. ನೂರಾರು ಮನೆಗಳು, ಒಂದೊಂದೂ ಒಂದೊಂದು ರಾತ್ರಿಯ ಭಾರ ಹೊರುತ್ತವೆ. ಸುಬ್ಬಣ್ಣನವರ ಬಳಗ ದೈವಭಕ್ತಿಯನ್ನು ಪಕ್ಕಕ್ಕಿಟ್ಟು ಈ ಹಂಚಿಕೆಯ ಕ್ರಮವನ್ನು ಮಾತ್ರ ತೆಗೆದುಕೊಂಡಿತು. ಒಂದು ಊರಿನ ಸಂಘಟಕರು ಒಂದು ರಾತ್ರಿಯ ಖರ್ಚು, ಊಟ, ವಸತಿ ನೋಡಿಕೊಳ್ಳುತ್ತಾರೆ. ಮರುದಿನ ಲಾರಿ ಮುಂದಿನ ಊರಿಗೆ. ಈ ವರ್ಷ ನಾಟಕ ಬೇಕೋ ಬೇಡವೋ ಎಂಬ ತೀರ್ಮಾನ ಯಾವುದೋ ಒಂದು ಕಚೇರಿಯ ಮೇಜಿನ ಮೇಲಿಲ್ಲ, ಹತ್ತಾರು ಊರುಗಳ ಕೈಯಲ್ಲಿದೆ. ಒಂದು ಊರು ಕೈಬಿಟ್ಟರೆ ತಿರುಗಾಟ ನಿಲ್ಲುವುದಿಲ್ಲ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂತು, 2005ರಲ್ಲಿ ಅವರು ತೀರಿಕೊಂಡರು. ಲಾರಿ ಆಮೇಲೂ ಹೊರಟಿತು. ಸಂಸ್ಥೆಯೊಂದರ ಗಟ್ಟಿತನಕ್ಕೆ ಪ್ರಶಸ್ತಿಗಿಂತ ಇದು ದೊಡ್ಡ ಸಾಕ್ಷಿ.

ಹೆಸರಿನ ಮಾತು ಇಲ್ಲಿಯೂ ನಿಲ್ಲುತ್ತದೆ. ಸಿನಿಮಾ ನೋಡುವವರಿಗೆ ನೀನಾಸಂ ಸತೀಶ್ ಗೊತ್ತು. ಇಲ್ಲಿ ಕಲಿತ ಮಂಡ್ಯ ರಮೇಶ್ ಮೈಸೂರಿನಲ್ಲಿ 'ನಟನ' ಕಟ್ಟಿದರು, ಕೆ.ಜಿ. ಕೃಷ್ಣಮೂರ್ತಿ ಶರಾವತಿ ಹಿನ್ನೀರಿನಾಚೆಯ ತುಮರಿಯಲ್ಲಿ 'ಕಿನ್ನರ ಮೇಳ' ಕಟ್ಟಿ ಮಕ್ಕಳಿಗಾಗಿ ನಾಟಕ ಆಡಿದರು. 'ಕಲಿತವರೆಲ್ಲ ಧಾರಾವಾಹಿಗೆ ಹೋದರು' ಎಂಬ ಗೊಣಗು ಆಗಾಗ ಕೇಳುತ್ತದೆ. ಹೋಗಲಿ ಬಿಡಿ ಎನ್ನುತ್ತೇನೆ. ಹತ್ತರಲ್ಲಿ ಎಂಟು ಜನ ಕ್ಯಾಮೆರಾದ ಮುಂದೆ ನಿಂತು ಇಬ್ಬರು ತುಮರಿಯಂಥ ಕಡೆ ಹೋದರೂ ಆ ಶಾಲೆ ಹಿಗ್ಗಿದಂತೆಯೇ.

ಹಾಗೆಂದು ಹೆಗ್ಗೋಡಿನ ಬಗ್ಗೆ ನನಗೆ ತಕರಾರು ಇಲ್ಲವೆಂದಲ್ಲ. ಅಕ್ಟೋಬರಿನ ಸಂಸ್ಕೃತಿ ಶಿಬಿರ ನಮ್ಮಂಥ ಹೊರಗಿನವರಿಗೆ ವರ್ಷಕ್ಕೊಮ್ಮೆಯ ತೀರ್ಥಯಾತ್ರೆಯಾಗುತ್ತಿದೆಯೇ ಎಂಬ ಅನುಮಾನ ಇದೆ. ಅಡಿಕೆ ತೋಟದ ನಡುವೆ ಕೂತು ಗಂಭೀರ ಮಾತು ಕೇಳಿ, ಚೀಲದ ತುಂಬ ಅಕ್ಷರ ಪ್ರಕಾಶನದ ಪುಸ್ತಕ ತುಂಬಿಕೊಂಡು ಬಂದವರು, ತಾವಿರುವ ಊರಿನಲ್ಲಿ ಮುಂದಿನ ಅಕ್ಟೋಬರಿನವರೆಗೆ ಒಂದು ನಾಟಕಕ್ಕೂ ಟಿಕೆಟ್ ಕೊಳ್ಳದಿದ್ದರೆ ಅದು ಶಿಬಿರದ ಸೋಲೂ ಹೌದು. ಇನ್ನೊಂದು, ಅನುದಾನದ ನೆಚ್ಚಿಕೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನ ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂಬುದು ದೇಶದ ರಂಗತಂಡಗಳ ಹಳೆಯ ದೂರು. ಊರೂರು ತಿರುಗಿ ಬಂದ ಹಣದ ಪಾಲು ಹೆಚ್ಚಾದಷ್ಟೂ ತಂಡ ತನ್ನ ಮಾತನ್ನು ತಾನು ಆಡಬಲ್ಲದು.

ಸರ್ಕಾರವೇ ಹಿಗ್ಗಿಸಿದರೆ ಏನಾಗುತ್ತದೆ ಎಂಬುದಕ್ಕೆ ರಂಗಾಯಣ ಇದೆ. 1989ರಲ್ಲಿ ಬಿ.ವಿ. ಕಾರಂತರ ಕೈಯಲ್ಲಿ ಮೈಸೂರಿನಲ್ಲಿ ಶುರುವಾದದ್ದು ಈಗ ಧಾರವಾಡ, ಶಿವಮೊಗ್ಗ, ಕಲಬುರಗಿಗಳಲ್ಲೂ ಇದೆ. ಒಳ್ಳೆಯ ಕೆಲಸ, ನಟರಿಗೆ ಸಂಬಳ ಸಿಕ್ಕಿತು. ಆದರೆ 2019ರಲ್ಲಿ ಸರ್ಕಾರ ಬದಲಾದಾಗ ನಿರ್ದೇಶಕರನ್ನೂ ಬದಲಿಸಿದ್ದನ್ನು ನಾವು ನೋಡಿದ್ದೇವೆ. ಶಾಖೆಯ ಕಷ್ಟ ಇದೇ: ಬೇರು ಅಲುಗಿದರೆ ಎಲ್ಲ ಕೊಂಬೆಗಳೂ ಒಟ್ಟಿಗೆ ಅಲುಗುತ್ತವೆ.

ಹಾಗಾದರೆ ಊರಿನ ಯೋಜನಾಪತ್ರಕ್ಕೆ ಏನು ಹೇಳುವುದು? ಹಣ ಕೊಡಬೇಡಿ ಎನ್ನುವುದು ನನ್ನ ವಾದವಲ್ಲ. ಸೋರುವ ಮಾಡು ಸರಿಯಾಗಬೇಕು, ಹೆಣ್ಣುಮಕ್ಕಳು ಬಣ್ಣ ಹಚ್ಚಿಕೊಳ್ಳಲು ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು, ಶೌಚಾಲಯ ಬೇಕು. ಇಷ್ಟಕ್ಕೆ ಕಣ್ಣುಮುಚ್ಚಿ ಕೊಡೋಣ. ಹವಾನಿಯಂತ್ರಣದ ಮಾತಿಗೆ ಬಂದಾಗ ಮಾತ್ರ ಲೆಕ್ಕ ಕೇಳೋಣ. ಯಂತ್ರ ಕೂರಿಸಲು ಒಮ್ಮೆ ಕೊಟ್ಟರೆ ಸಾಕು, ಕರೆಂಟ್ ಬಿಲ್ ಪ್ರತಿ ತಿಂಗಳು ಬರುತ್ತದೆ. ಬಿಲ್ ಕಟ್ಟಲು ಸಭಾಂಗಣವನ್ನು ಮದುವೆಗೆ ಬಾಡಿಗೆ ಕೊಡಬೇಕು. ಮದುವೆಗಳು ಹೆಚ್ಚಿದಂತೆ ತಾಲೀಮಿಗೆ ಸಂಜೆಗಳು ಸಿಗುವುದಿಲ್ಲ. ಕೊನೆಗೆ ನಾಟಕ ತಂಡವೇ ತನ್ನ ಸಭಾಂಗಣದಲ್ಲಿ ದಿನ ಗೊತ್ತುಮಾಡಿಕೊಳ್ಳಲು ಸಾಲಿನಲ್ಲಿ ನಿಲ್ಲುತ್ತದೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ರಂಗಮಂದಿರ ಎಂದು ಬೋರ್ಡು ಹೊತ್ತು ಸರ್ಕಾರಿ ಸಭೆಗಳಿಗೂ ಮದುವೆಗಳಿಗೂ ಬಳಕೆಯಾಗುತ್ತಿರುವ ಕಟ್ಟಡಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನ್ನ ಪಾಲಿನ ದೇಣಿಗೆಯನ್ನು ನಾನು ಬೇರೆ ಬಗೆಯಲ್ಲಿ ಕೊಡುವುದಾಗಿ ತಂಡಕ್ಕೆ ಬರೆದಿದ್ದೇನೆ. ಕಲ್ಲಿನ ಮೇಲೆ ಹೆಸರು ಬೇಡ. ರಂಗಶಿಕ್ಷಣ ಮುಗಿಸಿ ಬಂದ ಒಬ್ಬ ಹುಡುಗನೋ ಹುಡುಗಿಯೋ ಊರಿನಲ್ಲೇ ಇದ್ದು ಶಾಲೆಗಳಲ್ಲಿ ನಾಟಕ ಕಲಿಸುವುದಾದರೆ, ಮೂರು ವರ್ಷ ಅವರ ಸಂಬಳದ ಒಂದು ಪಾಲು ತಿಂಗಳು ತಿಂಗಳು ನನ್ನದು. ಇನ್ನೂ ಏಳೆಂಟು ಜನ ಸೇರಿದರೆ ಒಂದು ಸಂಬಳ ಪೂರ್ತಿಯಾಗುತ್ತದೆ. ಉತ್ತರ ಇನ್ನೂ ಬಂದಿಲ್ಲ. ಗುಂಪಿನಲ್ಲಿ ಕೆಲವರು 'ಕಟ್ಟಡವಾದರೆ ಕಣ್ಣಿಗೆ ಕಾಣುತ್ತೆ ಮಾರಾಯ್ರೆ, ಸಂಬಳ ಕೊಟ್ಟದ್ದು ಯಾರಿಗೆ ಕಾಣುತ್ತೆ' ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಕಾಣದ ಖರ್ಚಿಗೆ ಹಣ ಹೊಂದಿಸುವುದೇ ರಂಗಕೇಂದ್ರ ನಡೆಸುವವರ ನಿಜವಾದ ಕಷ್ಟ.

ದೂರದ ಒಂದು ಉದಾಹರಣೆಯೂ ಇಲ್ಲಿ ನೆನಪಾಗುತ್ತದೆ. ಯುಜೇನಿಯೋ ಬಾರ್ಬಾ 1964ರಲ್ಲಿ ಓಸ್ಲೋದಲ್ಲಿ ಕಟ್ಟಿದ ಓಡಿನ್ ತಂಡವನ್ನು 1966ರಲ್ಲಿ ಕರೆದು ಜಾಗ ಕೊಟ್ಟದ್ದು ಡೆನ್ಮಾರ್ಕಿನ ಹೋಲ್ಸ್ಟೆಬ್ರೋ ಎಂಬ ಸಣ್ಣ ಊರು. ಕೊಟ್ಟದ್ದು ಒಂದು ಹಳೆಯ ತೋಟದ ಮನೆ. ಮುಂದೆ ಇದೇ ತಂಡ ದಕ್ಷಿಣ ಇಟಲಿಯ ಹಳ್ಳಿಗಳಲ್ಲಿ ಟಿಕೆಟ್ಟಿನ ಬದಲು ಅಲ್ಲಿನವರ ಹಾಡು ಕುಣಿತವನ್ನೇ ಬೆಲೆಯಾಗಿ ಕೇಳಿತು. ಆಟ ನೋಡಿದವರು ತಾವೂ ಏನಾದರೂ ಆಡಿ ತೋರಿಸಬೇಕು.

ಊರು ಬಿಟ್ಟ ನಾವು ಕೊಡಬಹುದಾದ ಬೆಲೆಯೂ ಇಂಥದ್ದೇ ಎಂದು ನನಗನ್ನಿಸುತ್ತದೆ. ಕೊಚ್ಚಿಯಲ್ಲಿ, ತಿರುವನಂತಪುರದಲ್ಲಿ ಕನ್ನಡಿಗರ ರಾಜ್ಯೋತ್ಸವಕ್ಕೆ ಪ್ರತಿ ನವೆಂಬರಿನಲ್ಲಿ ಹಾಲ್ ಬಾಡಿಗೆ, ಶಾಲು, ಹಾರ, ಹೊರಗಿನಿಂದ ಬಂದ ಆರ್ಕೆಸ್ಟ್ರಾ ಎಂದು ಹಣ ಖರ್ಚಾಗುತ್ತಲೇ ಇದೆ. ಅದೇ ಹಣದಲ್ಲಿ ಊರಿನ ತಂಡವೊಂದನ್ನು ಕರೆಸಿ ಎರಡು ರಾತ್ರಿ ಆಡಿಸಬಹುದು. ಒಂದು ರಾತ್ರಿ ಕನ್ನಡಿಗರಿಗೆ, ಇನ್ನೊಂದು ರಾತ್ರಿ ಮಲಯಾಳಿ ಗೆಳೆಯರಿಗೆ. ನಟರ ವಸತಿ ನಮ್ಮ ಮನೆಗಳಲ್ಲಿ, ಊಟ ನಮ್ಮ ಅಡುಗೆಮನೆಗಳಲ್ಲಿ. ಮರುದಿನ ಬೆಳಿಗ್ಗೆ ಅವರನ್ನು ಮಾರ್ಗಿಗೆ ಕರೆದೊಯ್ದು ಅಲ್ಲಿನ ಕಲಿಕೆಯ ಕಳರಿಯನ್ನು ತೋರಿಸಬಹುದು. ಮಂಗಳೂರಿನಿಂದ ತಂಪಾನೂರಿಗೆ ಮಲಬಾರ್ ಎಕ್ಸ್‌ಪ್ರೆಸ್ ಒಂದೇ ರಾತ್ರಿಯ ದಾರಿ. ತಂಡವೊಂದಕ್ಕೆ ಎಷ್ಟು ಟಿಕೆಟ್ ಬೇಕು ಎಂದು ಕೇಳಿ ಬರೆದರೆ ಸಾಕು, ಮುಂದಿನ ಲೆಕ್ಕ ಹಾಕೋಣ.