ಹಿಡಿಗೆ ಸಿಗದ ಬದುಕು

ಸಂತ ಪೌಲರು ತಿಮೊಥೇಯನಿಗೆ ಬರೆದ ಮೊದಲ ಪತ್ರದ 3ನೆಯ ಅಧ್ಯಾಯವು ಧರ್ಮಸಭೆಯ ಮೇಲ್ವಿಚಾರಕನಿಗೆ ಇರಬೇಕಾದ ಅರ್ಹತೆಗಳನ್ನು ಹೇಳುತ್ತದೆ. ಅಲ್ಲಿನ ಗ್ರೀಕ್ ಪದಗಳ ಕಸುವನ್ನು ನಮ್ಮ ಪ್ರಬೋಧನೆಗಳು ತೆಳುವಾಗಿಸಿವೆ ಎಂಬುದು ನನ್ನ ಆಕ್ಷೇಪ.

ನಾವು 'ನಿರ್ದೋಷಿ' ಎನ್ನುವ ಕಡೆ ಮೂಲದಲ್ಲಿರುವ ಪದ 'ಅನೆಪಿಲೇಂಪ್ಟೋಸ್'. ಎದುರಾಳಿಯ ಹಿಡಿಗೆ ಸಿಗದವನು ಎಂಬುದು ಅದರ ಮೂಲಾರ್ಥ. ಪಾಪವನ್ನೇ ಅರಿಯದ ಮನುಷ್ಯನನ್ನು ಪತ್ರವು ಅರಸುತ್ತಿಲ್ಲ. ಹಾಗೆಂದು ಇದನ್ನು ಸುಲಭವಾದ ಅಳತೆಯೆಂದು ಭಾವಿಸಲಾಗದು. ದೋಷವನ್ನು ಮುಚ್ಚಿಟ್ಟು ನಿರ್ದೋಷಿಯಂತೆ ನಡೆದಾಡಬಹುದು. ಆದರೆ ಮುಚ್ಚಿಟ್ಟದ್ದೇ ಮುಂದೊಂದು ದಿನ ಹಿಡಿಯಾಗುತ್ತದೆ. ಹಗರಣವನ್ನು ಮರೆಮಾಚಿದರೆ ಧರ್ಮಸಭೆಯ ಮಾನ ಉಳಿಯುತ್ತದೆಂದು ನಂಬಿದವರು ಈ ಪದವನ್ನು ನಿಧಾನವಾಗಿ ಓದಿದ್ದರೆ ಎಷ್ಟೋ ಕುಟುಂಬಗಳ ಕಣ್ಣೀರು ತಪ್ಪುತ್ತಿತ್ತು.

'ಪ್ಲೇಕ್ಟೇಸ್' ಎಂದರೆ ಹೊಡೆಯುವವನು. ಅದನ್ನು 'ಮುಂಗೋಪಿ' ಎಂದು ಮೃದುಗೊಳಿಸಿ ಬೋಧಿಸಿದಾಗ ಧರ್ಮೋಪದೇಶ ತರಗತಿಯ ಬೆತ್ತ ಮೆಲ್ಲನೆ ನುಣುಚಿಕೊಳ್ಳುತ್ತದೆ.

'ಫಿಲೋಕ್ಸೆನೋಸ್' ಎಂಬುದಕ್ಕೆ 'ಅತಿಥಿಸತ್ಕಾರ ಮಾಡುವವನು' ಎನ್ನುವುದು ತಪ್ಪಲ್ಲ, ಸಾಲದು. 'ಕ್ಸೆನೋಸ್' ಎಂದರೆ ಗುರುತಿಲ್ಲದ ಪರಕೀಯನೂ ಹೌದು. ಅವನನ್ನು ಪ್ರೀತಿಸುವವನು ಎಂಬುದು ಇಲ್ಲಿನ ಮಾತು. ಹಬ್ಬದ ದಿನ ಗುರುಮನೆಯ ಊಟದ ಮೇಜಿನ ಸುತ್ತ ಕುಳಿತವರು ಬಹುತೇಕ ಪರಿಚಿತರೇ. ನನ್ನ ಮೇಜೂ ಇದಕ್ಕೆ ಹೊರತಲ್ಲ.

ಇಷ್ಟನ್ನು ಓದಿ ತಮ್ಮ ಗುರುಗಳನ್ನು ಅಳೆಯಹೊರಡುವವರು ಇನ್ನೊಂದನ್ನೂ ಗಮನಿಸಬೇಕು. 'ಅನೆಪಿಲೇಂಪ್ಟೋಸ್' ಎಂಬ ಅದೇ ಪದವನ್ನು 5ನೆಯ ಅಧ್ಯಾಯದ 7ನೆಯ ವಚನವು ವಿಧವೆಯರ ಬಗ್ಗೆ ಬಳಸುತ್ತದೆ. ಮೇಲ್ವಿಚಾರಕನಿಗೆ ಹಣದಾಸೆ ಇರಕೂಡದೆನ್ನುವ ಪದವನ್ನೇ ಹಿಬ್ರಿಯರಿಗೆ ಬರೆದ ಪತ್ರವು 13ನೆಯ ಅಧ್ಯಾಯದಲ್ಲಿ ಎಲ್ಲ ವಿಶ್ವಾಸಿಗಳ ಮುಂದಿಡುತ್ತದೆ.