ಬೇಸ್ ಇಲ್ಲದ ರಾಕಬಿಲಿ

ರಾಕ್ ಅಂಡ್ ರೋಲಿನ ಆರಂಭದ ಪ್ರಕಾರವಾದ ರಾಕಬಿಲಿಯ ಬೆನ್ನೆಲುಬು ಆಳೆತ್ತರದ ಬೇಸ್. ಅದರ ತಂತಿ ಎಳೆದು ಬಿಟ್ಟಾಗ, ಅಂಗೈಯಲ್ಲಿ ಬಡಿದಾಗ ಏಳುವ ಟಪಟಪ ಸದ್ದಿನ ಮೇಲೆಯೇ ಐವತ್ತರ ದಶಕದ ಮೆಂಫಿಸ್ ಕುಣಿಯಿತು. ನ್ಯೂಯಾರ್ಕಿನ ಪಂಕ್ ತಂಡ 'ದಿ ಕ್ರ್ಯಾಂಪ್ಸ್' 1979ರಲ್ಲಿ ಅದೇ ಊರಿಗೆ ಹೋಗಿ, ಎಲ್ವಿಸ್ ಪ್ರೀಸ್ಲಿಯ ದನಿಯನ್ನು ಮೊದಲು ಮುದ್ರಿಸಿದ ಸ್ಯಾಮ್ ಫಿಲಿಪ್ಸ್ ಕಟ್ಟಿಸಿದ ಸ್ಟುಡಿಯೋದಲ್ಲಿ ತನ್ನ ಮೊದಲ ಪೂರ್ಣ ಆಲ್ಬಮ್ ಮಾಡಿತು. ತಂಡದಲ್ಲಿ ಬೇಸ್ ನುಡಿಸುವವರೇ ಇರಲಿಲ್ಲ. 1980ರಲ್ಲಿ ಬಂದ 'ಸಾಂಗ್ಸ್ ದ ಲಾರ್ಡ್ ಟಾಟ್ ಅಸ್' ಆಲ್ಬಮ್ಮಿನ ಸೊಗಸೆಲ್ಲ ಈ ಕೊರತೆಯಿಂದಲೇ ಹುಟ್ಟಿದೆ.

ಬೇಸ್ ಇರಬೇಕಾದ ಜಾಗವನ್ನು ಎರಡು ಗಿಟಾರ್‌ಗಳು ಹಂಚಿಕೊಂಡಿವೆ. ಪಾಯ್ಸನ್ ಐವಿ ಹಳೆಯ ರಾಕ್ ಅಂಡ್ ರೋಲಿನ ಸ್ವರಗಳನ್ನು ಬಿಡಿಬಿಡಿಯಾಗಿ ಮೀಟಿದರೆ, ಬ್ರಯನ್ ಗ್ರೆಗರಿಯ ಗಿಟಾರ್ ಕೆಳಗಿನಿಂದ ಗರಗರನೆ ಗೀರುತ್ತದೆ. ನಿಕ್ ನಾಕ್ಸ್ ಡ್ರಮ್ಮಿನಲ್ಲಿ ಒಂದು ಪೆಟ್ಟೂ ಹೆಚ್ಚಿಗೆ ಹಾಕುವುದಿಲ್ಲ. ಸ್ವತಃ ಮೆಂಫಿಸಿನವರಾದ ನಿರ್ಮಾಪಕ ಅಲೆಕ್ಸ್ ಚಿಲ್ಟನ್ ಈ ಎಲ್ಲದರ ಮೇಲೆ ಹರಡಿದ ಪ್ರತಿಧ್ವನಿ, ಬರಿದಾದ ಮನೆಯೊಳಗೆ ಹಾಡು ಕೇಳಿದಂತಹ ಅನುಭವ ಕೊಡುತ್ತದೆ.

ಜಾನಿ ಬರ್ನೆಟ್ ಬಳಗ 1956ರಲ್ಲಿ ಹಾಡಿದ್ದ 'ಟೇರ್ ಇಟ್ ಅಪ್' ಇಲ್ಲಿ ಮತ್ತೆ ಬಂದಿದೆ. ಮೂಲದಲ್ಲಿದ್ದ ಶನಿವಾರ ರಾತ್ರಿಯ ಹುರುಪು ತಂಡದ ಗಾಯಕ ಲಕ್ಸ್ ಇಂಟೀರಿಯರ್ ಬಾಯಲ್ಲಿ ಏದುಸಿರಾಗಿ, ಬಿಕ್ಕಳಿಕೆಯಾಗಿ ಒಡೆಯುತ್ತದೆ. ಈ ಸಂಗೀತ ಕೇಳಿ ಒಂದು ಕಾಲದ ಹೆತ್ತವರು ಯಾಕೆ ಹೆದರಿದ್ದರೆಂದು ಆಗ ತಿಳಿಯುತ್ತದೆ. 'ದ ಮ್ಯಾಡ್ ಡ್ಯಾಡಿ' ಹಾಡು ಐವತ್ತರ ದಶಕದ ಕ್ಲೀವ್‌ಲ್ಯಾಂಡ್ ರೇಡಿಯೋದ ಉದ್ಘೋಷಕನೊಬ್ಬನಿಗೆ ಸಲ್ಲಿಸಿದ ಗೌರವ. ಲಕ್ಸ್ ಕೂಡ ಕ್ಲೀವ್‌ಲ್ಯಾಂಡ್ ಇರುವ ಒಹಾಯೋದ ಹುಡುಗ. ಆ ಕಾಲದ ರೇಡಿಯೋ ಹಾಡುಗಳ ಜೊತೆಗೇ ಬೆಳೆದವರ ಪ್ರೀತಿ ಇದರಲ್ಲಿ ಕೇಳಿಸುತ್ತದೆ.

ಹದಿಮೂರು ಹಾಡುಗಳೂ ಒಂದೇ ತೂಕದವಲ್ಲ. 'ಝಾಂಬಿ ಡ್ಯಾನ್ಸ್', 'ವಾಟ್ಸ್ ಬಿಹೈಂಡ್ ದ ಮಾಸ್ಕ್' ಹಾಡುಗಳಲ್ಲಿ ದೆವ್ವದ ಸಿನಿಮಾದ ವೇಷವೇ ಮುಂದಾಗಿ ಸಂಗೀತ ಹಿಂದೆ ಬೀಳುತ್ತದೆ. ಕೆಲವೆಡೆ ಪ್ರತಿಧ್ವನಿಯ ಮಬ್ಬಿನಲ್ಲಿ ಮಾತೇ ಮುಳುಗುತ್ತದೆ. ಮುಂದೆ ರಾಕಬಿಲಿಗೆ ಪಂಕ್ ಬೆರೆಸಿದ ಸೈಕೋಬಿಲಿ ತಂಡಗಳು ಬೇಸನ್ನು ಮರಳಿ ತಂದವು. ಅವುಗಳಲ್ಲಿ ಅನೇಕವು ಕ್ರ್ಯಾಂಪ್ಸ್‌ನಿಂದ ಕಲಿತದ್ದು ಈ ದೆವ್ವದ ವೇಷವನ್ನೇ.

ಕೊನೆಯ ಹಾಡು 'ಫೀವರ್'. 1958ರಲ್ಲಿ ಗಾಯಕಿ ಪೆಗಿ ಲೀ ಅದನ್ನು ಬೇಸ್, ಡ್ರಮ್ ಮತ್ತು ಬೆರಳ ಚಿಟಿಕೆ, ಇಷ್ಟರಲ್ಲೇ ನಿಲ್ಲಿಸಿದ್ದರು. ಕ್ರ್ಯಾಂಪ್ಸ್ ಆ ಬೇಸನ್ನೂ ತೆಗೆದು, ನಿಧಾನಕ್ಕೆ, ಗಿಟಾರಿನ ನಡುಕದ ಮೇಲೆ ಹಾಡುತ್ತದೆ. ಆಸರೆ ಕಳೆದುಕೊಂಡ ಆ ದನಿಯಲ್ಲಿ ಜ್ವರ ನಿಜವಾಗಿಯೂ ಏರಿದೆ.