ದಾನಫಲಕಗಳಲ್ಲಿ ವಿಶೇಷಣ: ಒಂದು ವಿಮರ್ಶೆ

ನಾಮಪದದ ಅರ್ಥವನ್ನು ವಿಶೇಷಿಸಿ ಹೇಳುವ ಪದವು ವಿಶೇಷಣ. ಹಾಗೆ ವಿಶೇಷಿತವಾದ ನಾಮಪದವು ವಿಶೇಷ್ಯ. ಇದು ಶಾಲಾಬಾಲಕರ ಪಾಠವೆಂದು ನಾವು ಅಲಕ್ಷಿಸುತ್ತೇವೆ. ಆದರೆ ಹಿಡಕಲ್ ಜಲಾಶಯದ ಸುತ್ತಲಿನ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯಲ್ಲಿ ಬಸದಿಗಳ ದಾನಫಲಕಗಳನ್ನು ಗಮನವಿಟ್ಟು ಓದುವವರಿಗೆ ಈ ಅಲಕ್ಷ್ಯದ ಪರಿಣಾಮ ತಿಳಿಯದೆ ಇರದು.

ಸಂಸ್ಕೃತದಲ್ಲಿ ವಿಶೇಷಣವು ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತದೆ. ಆದುದರಿಂದ ಅದು ಎಲ್ಲಿದ್ದರೂ ತನ್ನ ವಿಶೇಷ್ಯವನ್ನು ತೋರಿಸಬಲ್ಲದು. ಕನ್ನಡದ ಮಾರ್ಗ ಬೇರೆ. 'ಒಳ್ಳೆಯ' ಎಂಬ ಪದವು 'ಶ್ರಾವಕನು' ಎಂಬುದರ ಹಿಂದೆಯೂ 'ಶ್ರಾವಿಕೆಯರಿಗೆ' ಎಂಬುದರ ಹಿಂದೆಯೂ ರೂಪ ಬದಲಿಸದೆ ನಿಲ್ಲುತ್ತದೆ. ಇಲ್ಲಿ ಸ್ಥಾನವೇ ಸಂಬಂಧವನ್ನು ಸೂಚಿಸಬೇಕು. 'ಜೀರ್ಣೋದ್ಧಾರಗೊಂಡ ಬಸದಿಯ ಶಿಖರ' ಎಂದು ಫಲಕದಲ್ಲಿ ಕೆತ್ತಿಸಿದರೆ, ಜೀರ್ಣೋದ್ಧಾರವಾದದ್ದು ಇಡೀ ಬಸದಿಯೋ ಶಿಖರ ಮಾತ್ರವೋ? ಕೆತ್ತಿಸಿದವರಿಗೆ ಇಂದು ಗೊತ್ತು. ಐವತ್ತು ವರ್ಷಗಳ ನಂತರ ಬರುವ ವಿಶ್ವಸ್ತರಿಗೆ ಗೊತ್ತಾಗದು. 'ಬಸದಿಯ ಜೀರ್ಣೋದ್ಧಾರಗೊಂಡ ಶಿಖರ' ಎಂದಿದ್ದರೆ ಸಂಶಯಕ್ಕೆ ಎಡೆಯಿರುತ್ತಿರಲಿಲ್ಲ.

ವಿಶೇಷಣಗಳಲ್ಲಿ ಮೂರು ಬಗೆಯವನ್ನು ಇಲ್ಲಿ ವಿಚಾರಿಸೋಣ. 'ಉದಾರ', 'ಧರ್ಮನಿಷ್ಠ' ಎಂಬಂಥವು ಗುಣವನ್ನು ಹೇಳುತ್ತವೆ. 'ಮೂರು', 'ಹತ್ತು' ಎಂಬಂಥವು ಸಂಖ್ಯೆಯನ್ನು ಹೇಳುತ್ತವೆ. 'ಕೊಟ್ಟ', 'ಕಟ್ಟಿಸಿದ' ಎಂಬ ಕೃದಂತಗಳು ನಡೆದ ಕ್ರಿಯೆಯನ್ನು ಹೇಳುತ್ತವೆ. ಕಡೆಯ ಎರಡನ್ನು ಪರೀಕ್ಷಿಸಬಹುದು. ಕಿರ್ದಿ, ಖತಾವಣಿ ತೆಗೆದು ತಾಳೆ ನೋಡಬಹುದು. ಮೊದಲನೆಯದಕ್ಕೆ ಅಂಥ ಆಧಾರವಿಲ್ಲ. ನಮ್ಮ ಫಲಕಗಳಲ್ಲಿ ವಿಪುಲವಾಗಿರುವುದು ಈ ಮೊದಲನೆಯದೇ.

ಪ್ರಾಚೀನ ಶಾಸನಗಳಲ್ಲಿಯೂ ಬಿರುದಾವಳಿಗಳಿಲ್ಲವೇ ಎಂದು ಕೇಳಬಹುದು. ನಿಶ್ಚಯವಾಗಿ ಇವೆ. ಮೂಡಲಗಿ ತಾಲ್ಲೂಕಿನ ಕಲ್ಲೋಳಿಯ 1204ರ ಶಾಸನವು ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದ್ದು. ಅಲ್ಲಿನ ಶಾಂತಿನಾಥ ಬಸದಿಗಾಗಿ ಶುಭಚಂದ್ರ ಭಟ್ಟಾರಕರಿಗೆ ದತ್ತಿ ಕೊಟ್ಟುದನ್ನು ಅದು ದಾಖಲಿಸುತ್ತದೆ. ರಟ್ಟರು ಆಳಿದ್ದು ಸವದತ್ತಿ, ಬೆಳಗಾವಿಗಳಿಂದ. ಆದರೂ 'ಲತ್ತಲೂರ ಪುರವರಾಧೀಶ್ವರ' ಎಂಬ ಬಿರುದನ್ನು ವಂಶದ ನೆನಪಾಗಿ ಧರಿಸಿಕೊಂಡೇ ಬಂದರು. ಇಂಥ ಬಿರುದುಗಳು ಅರಸನಿಂದ ಅರಸನಿಗೆ ಹಾಗೆಯೇ ಸಾಗಿಬರುತ್ತವೆ. ಆದರೆ ದಾನಶಾಸನಗಳನ್ನು ಬರೆಸಿದವರು ಹೊಗಳಿಕೆಗೇ ನಿಲ್ಲುತ್ತಿರಲಿಲ್ಲ. ಕೊಟ್ಟವರು ಯಾರು, ಪಡೆದವರು ಯಾರು, ಭೂಮಿ ಎಷ್ಟು ಮತ್ತರು, ಅದರ ಎಲ್ಲೆ ಯಾವುದು ಎಂಬುದನ್ನೂ ಬರೆಸುತ್ತಿದ್ದರು. ನಾವು ಅವರಿಂದ ಬಿರುದನ್ನು ಮಾತ್ರ ಕಲಿತು ವಿವರವನ್ನು ಕೈಬಿಟ್ಟಿದ್ದೇವೆ.

ಹೊಗಳಿಕೆಯಿಲ್ಲದಿದ್ದರೆ ದಾನಿಗಳು ಮುಂದೆ ಬರುವುದಿಲ್ಲವೆಂದು ಕೆಲವು ವಿಶ್ವಸ್ತರು ಹೇಳುತ್ತಾರೆ. ಆ ಮಾತಿನಲ್ಲಿ ಅನುಭವವಿದೆ. ಆದರೆ ಲಕ್ಷ ಕೊಟ್ಟವರ ಹೆಸರಿಗೆ ನಾಲ್ಕು ವಿಶೇಷಣ, ನೂರು ಕೊಟ್ಟವರ ಹೆಸರಿಗೆ ಒಂದೂ ಇಲ್ಲವೆಂದಾದರೆ, ಗುಣವನ್ನು ಹಣದಿಂದ ಅಳೆದಂತಾಗುತ್ತದೆ. ತನ್ನ ಗಳಿಕೆಯ ಬಹುಭಾಗವನ್ನು ಕೊಟ್ಟ ಬಡ ಶ್ರಾವಿಕೆಯು 'ಉದಾರ'ಳಲ್ಲವೇ? ವ್ಯಾಪಾರದಲ್ಲಿ ಕೀಳು ಸರಕಿಗೆ ಮೇಲಿನ ಸರಕಿನ ಹೆಸರಿಡುವುದು ಪ್ರತಿರೂಪಕ ವ್ಯವಹಾರ. ತತ್ತ್ವಾರ್ಥಸೂತ್ರವು ಅದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಅಂಗಡಿಯಲ್ಲಿ ಪಾಲಿಸುವ ಈ ಎಚ್ಚರವು ಬಸದಿಯ ಗೋಡೆಯ ಮೇಲೂ ಇರುವುದು ಯುಕ್ತ.

ಕನ್ನಡಕ್ಕೆ ಶಬ್ದಮಣಿದರ್ಪಣವನ್ನು ಕೊಟ್ಟ ಕೇಶಿರಾಜನೂ, 1604ರಲ್ಲಿ ಶಬ್ದಾನುಶಾಸನವನ್ನು ರಚಿಸಿದ ಭಟ್ಟಾಕಳಂಕನೂ ಜೈನರು. ಆ ಪರಂಪರೆಯವರಾದ ನಾವು ಫಲಕ ಬರೆಸುವಾಗ ಗುಣವಾಚಕಗಳನ್ನು ಬಿಟ್ಟು, 'ಮಾನಸ್ತಂಭದ ಕಟ್ಟೆಯನ್ನು ಕಟ್ಟಿಸಿಕೊಟ್ಟ', 'ಹತ್ತು ಚೀಲ ಸಿಮೆಂಟು ಕೊಟ್ಟ', 'ಮೂರು ದಿನ ಶ್ರಮದಾನ ಮಾಡಿದ' ಎಂದು ಎಲ್ಲರ ಹೆಸರಿಗೂ ಒಂದೇ ಅಳತೆಯ ಅಕ್ಷರದಲ್ಲಿ ಕೆತ್ತಿಸಬೇಕು. ಅಳಿಸಲಾಗದ ಕಲ್ಲಿಗೆ ಅಕ್ಷರ ಹೋಗುವ ಮೊದಲು ಕರಡನ್ನು ವ್ಯಾಕರಣ ಬಲ್ಲವರೊಬ್ಬರಿಗೆ ತೋರಿಸುವುದಂತೂ ಯಾವ ಟ್ರಸ್ಟಿಗೂ ಹೊರೆಯಲ್ಲ.